ಪಾಸ್‌ಪೋರ್ಟಿನ ಡ್ರಾಯರಿನಲ್ಲಿ ಒಂದು ಜೊತೆ ಗ್ಲೌಸ್

ಕುವೈತಿನಲ್ಲಿ ಉಣ್ಣೆಯ ಗ್ಲೌಸ್ ಜೋಪಾನ ಮಾಡಿಟ್ಟುಕೊಂಡವನನ್ನು ನೀವು ಏನೆಂದು ಕರೆಯುತ್ತೀರೋ ಗೊತ್ತಿಲ್ಲ, ನನ್ನ ಮಗಳು 'ವಿಯರ್ಡ್' ಎಂದು ಕರೆದಳು. ಇಕಾಮಾ ಎಂಬ ವಾಸದ ಪರವಾನಗಿಯ ನವೀಕರಣಕ್ಕೆ ಬೇಕೆಂದು ಮೊನ್ನೆ ಮನೆಯವರೆಲ್ಲರ ಪಾಸ್‌ಪೋರ್ಟುಗಳನ್ನು ಡ್ರಾಯರಿನಿಂದ ತೆಗೆಯುತ್ತಿದ್ದೆ. ಪಕ್ಕದಲ್ಲಿ ಕುಳಿತಿದ್ದ ಅವಳು ಅಡಿಯಿಂದ ಒಂದು ಜೊತೆ ಕಪ್ಪು ಗ್ಲೌಸ್ ಎಳೆದು ಎರಡೂ ಕೈಗೆ ತೊಟ್ಟುಕೊಂಡಳು. ಅವು ಮೊಣಕೈವರೆಗೆ ಬಂದವು. ಹೊರಗೆ ನಲವತ್ತೇಳು ಡಿಗ್ರಿ. ತಣ್ಣೀರಿನ ನಲ್ಲಿಯಲ್ಲಿ ಕುದಿಯುವ ನೀರು ಬರುವ, ಗೀಸರ್ ಆರಿಸಿಟ್ಟು ಅದರೊಳಗಿನ ನೀರನ್ನೇ ತಣ್ಣೀರೆಂದು ಸ್ನಾನಕ್ಕೆ ಬಳಸುವ ದಿನಗಳು. "ಪಪ್ಪಾ, ವೈ ಡು ವಿ ಈವನ್ ಹ್ಯಾವ್ ದೀಸ್?" ಎಂದಳು. ನಾನು ಕನ್ನಡದಲ್ಲಿ ಏನೋ ಹೇಳಿದೆ, ಅವಳು ಇಂಗ್ಲಿಷಿನಲ್ಲಿ ನಕ್ಕಳು. ನಮ್ಮ ಮನೆಯಲ್ಲಿ ಮಾತುಕತೆ ನಡೆಯುವುದೇ ಹೀಗೆ.

ಅವಳು ಇನ್ನೂ ಕೇಳದ ಪ್ರಶ್ನೆ ಇನ್ನೊಂದಿದೆ. ಪಪ್ಪ ತಿಂಗಳಿಗೊಮ್ಮೆ ಈ ಡ್ರಾಯರು ತೆರೆದು ತನ್ನ ಪಾಸ್‌ಪೋರ್ಟನ್ನು ಯಾಕೆ ನೋಡುತ್ತಾನೆ ಎಂಬುದು. ಕೆಲವರು ಬಿ.ಪಿ. ನೋಡಿಸಿಕೊಳ್ಳುವ ಹಾಗೆ ನಾನು ಅದರ ಅವಧಿ ನೋಡಿಕೊಳ್ಳುತ್ತೇನೆ. ಕೆಲಸಕ್ಕೆ ಸೇರುವಾಗ ಪಾಸ್‌ಪೋರ್ಟನ್ನು ಕಂಪನಿಯ ಕೈಗೆ ಕೊಟ್ಟು ಮರೆತುಬಿಡುವುದು ಇಲ್ಲಿ ಬಹಳ ಕಾಲ ನಡೆದುಬಂದ ರೂಢಿ. ನಾನು ಅದಕ್ಕೆ ಒಪ್ಪದೆ, ಮೊದಲು ಸಿಕ್ಕಿದ ಒಳ್ಳೆಯ ಕೆಲಸವನ್ನೇ ಬಿಟ್ಟೆ. ಹೆಂಡತಿ ಅದನ್ನು ಈಗಲೂ ಎತ್ತಿ ಆಡುತ್ತಾಳೆ. ಅವಳ ಅಣ್ಣನನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲ್ ಇಷ್ಟು ವರ್ಷ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾನಂತೆ, ಕೇಳಿದ ಕೂಡಲೆ ಕೊಡುತ್ತಾನಂತೆ, ಅಣ್ಣನೇನು ಸವೆದು ಹೋಗಿದ್ದಾನೆಯೇ ಎಂದು ಅವಳ ವಾದ. ವಾದದಲ್ಲಿ ನಾನು ಅವಳನ್ನು ಯಾವತ್ತೂ ಗೆದ್ದವನಲ್ಲ.

ಗ್ಲೌಸಿನ ಕತೆ ಹೇಳಬೇಕಾದರೆ ಮೊದಲು ಶುಕ್ರವಾರದ ಕತೆ ಹೇಳಬೇಕು. ಯುದ್ಧ ಮುಗಿದು ಜನ ಕುವೈತಿಗೆ ಮರಳತೊಡಗಿದಾಗ ನನ್ನನ್ನೂ ಮಗುವಾಗಿ ಎತ್ತಿಕೊಂಡು ಬಂದರಂತೆ. ಪಪ್ಪ ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್. ಮಮ್ಮಿ ಜಾಬ್ರಿಯಾದ ಆಸ್ಪತ್ರೆಯಲ್ಲಿ ನರ್ಸ್. ಮನೆ ಸಲ್ವಾದಲ್ಲಿ. ನಾವು ಮಂಗಳೂರ ಕಡೆಯ ಕ್ರೈಸ್ತರು, ಪಪ್ಪನ ಬಾಯಲ್ಲಿ ಕೊಂಕಣಿ ಬಿಟ್ಟು ಬೇರೇನೂ ಬಾರದು. ಆದರೆ ಮಮ್ಮಿ ಕನ್ನಡ ಶಾಲೆಯಲ್ಲಿ ಓದಿದವರು. ಹುಡುಗ ಕಲಿತುಕೊಳ್ಳಲಿ ಎಂದು ನನ್ನೊಡನೆ ಹಟ ಹಿಡಿದು ಕನ್ನಡವನ್ನೇ ಆಡುತ್ತಿದ್ದರು. ನಾನು ಈ ನಾಲ್ಕು ಸಾಲು ಬರೆಯುತ್ತಿರುವುದು ಆ ಹಟದಿಂದ.

ಇಲ್ಲಿ ವಾರದ ರಜೆ ಶುಕ್ರವಾರ. ಭಾನುವಾರವೆಂದರೆ ಶಾಲೆ, ಆಫೀಸು, ಟ್ರಾಫಿಕ್ಕು. ಆದ್ದರಿಂದ ಇಲ್ಲಿಯ ಕ್ರೈಸ್ತರು ಭಾನುವಾರದ ಪೂಜೆಯನ್ನು ಶುಕ್ರವಾರವೇ ಮುಗಿಸುತ್ತಾರೆ. ಧರ್ಮೋಪದೇಶದ ತರಗತಿಯೂ ಶುಕ್ರವಾರ, ಒಳ್ಳೆಯ ಅಂಗಿ ಹಾಕುವುದೂ ಶುಕ್ರವಾರ, ಮನೆಯಲ್ಲಿ ಕೋಳಿ ಸುಕ್ಕವೂ ಶುಕ್ರವಾರ. ಪೂಜೆ ಮುಗಿದ ಮೇಲೆ ಪಪ್ಪ ಇಗರ್ಜಿಯ ಅಂಗಳದಲ್ಲಿ ಸಿಕ್ಕಿದವರ ಕೈಯನ್ನೆಲ್ಲ ಕುಲುಕುವವರೆಗೆ ನಾವು ಕಾರಿನ ಬಳಿ ಬಿಸಿಲಲ್ಲಿ ಕಾಯಬೇಕು. ಆಮೇಲೆ ಕೆಲವು ಸಲ ವಫ್ರಾದ ಕಡೆಗೆ ಸವಾರಿ. ಅಲ್ಲಿ ತೋಟದಲ್ಲಿ ಕೆಲಸ ಮಾಡುತ್ತಿದ್ದ ಪಪ್ಪನ ಪರಿಚಯದ ಒಬ್ಬರು ಟೊಮೆಟೊ, ಸೌತೆಕಾಯಿ ತುಂಬಿದ ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕುತ್ತಿದ್ದರು. ಮರಳಿ ಬರುವ ದಾರಿಯುದ್ದಕ್ಕೂ ಕಾರಿನೊಳಗೆ ಟೊಮೆಟೊ ಗಿಡದ ಖಾರ ವಾಸನೆ. ಊರಿಗೆ ರಜೆಯಲ್ಲಿ ಹೋದಾಗ ಒಂದು ಶುಕ್ರವಾರ ನಾನು ಬೆಳಿಗ್ಗೆಯೇ ಎದ್ದು ಹೊಸ ಅಂಗಿ ಹಾಕಿಕೊಂಡು ಇಗರ್ಜಿಗೆ ತಯಾರಾಗಿ ನಿಂತಿದ್ದೆನಂತೆ. ಅಜ್ಜಿ ಬಿದ್ದು ಬಿದ್ದು ನಕ್ಕು, ಗಲ್ಫಿನಲ್ಲಿ ದೇವರೂ ರಜೆ ನೋಡಿಕೊಂಡು ಬರುತ್ತಾನೋ ಎಂದರಂತೆ.

ಪಪ್ಪನಿಗೆ ಇನ್ನೊಂದು ಕೆಲಸವೂ ಇತ್ತು, ಅದಕ್ಕೆ ಸಂಬಳವಿರಲಿಲ್ಲ. ನಮ್ಮವರಲ್ಲಿ ಯಾರಾದರೂ ಇಲ್ಲಿ ತೀರಿಕೊಂಡರೆ ಮೊದಲು ಫೋನು ಬರುತ್ತಿದ್ದದ್ದು ನಮ್ಮ ಮನೆಗೆ. ಕುವೈತಿನಲ್ಲಿ ಸತ್ತ ನಮ್ಮವರು ಇಲ್ಲಿ ಉಳಿಯುವುದಿಲ್ಲ, ವಿಮಾನದಲ್ಲಿ ಊರಿಗೆ ಹೋಗುತ್ತಾರೆ. ಕಾಗದಪತ್ರಕ್ಕೆ ಪಪ್ಪ ಓಡಾಡುತ್ತಿದ್ದರು. ಕಡೆಯ ದಿನ ಶವಾಗಾರದ ಬಾಗಿಲಿಗೆ ಆರು ಜನರನ್ನು ಹೇಗಾದರೂ ಸೇರಿಸುತ್ತಿದ್ದರು. ಪೆಟ್ಟಿಗೆ ತಳ್ಳಲು ಅಲ್ಲಿ ಟ್ರಾಲಿ ಉಂಟು, ಆಳುಗಳುಂಟು, ಇವರು ಒಪ್ಪುತ್ತಿರಲಿಲ್ಲ. ದಿನವಿಡೀ ಗೋದಾಮಿನಲ್ಲಿ ಟ್ರಾಲಿ, ಫೋರ್ಕ್‌ಲಿಫ್ಟ್ ನೋಡುತ್ತ ಇದ್ದ ಮನುಷ್ಯ, ಇದು ಸಾಮಾನಲ್ಲ, ಬಾಗಿಲಿನಿಂದ ಗಾಡಿಯವರೆಗಾದರೂ ಕೈಯಲ್ಲೇ ಹೋಗಬೇಕು ಎನ್ನುತ್ತಿದ್ದರು. ಮಕ್ಕಳಾದ ನಮ್ಮನ್ನು ಎ.ಸಿ. ಹಾಕಿದ ಕಾರಿನಲ್ಲಿ ಕೂರಿಸಿ ಗಾಜು ಏರಿಸುತ್ತಿದ್ದರು. ಮನೆಗೆ ಬಂದು ಸ್ನಾನ ಮುಗಿಯುವವರೆಗೆ ನಮ್ಮನ್ನು ಮುಟ್ಟುತ್ತಿರಲಿಲ್ಲ. ಹೀಗಾಗಿ ಇಪ್ಪತ್ತು ದಾಟಿದರೂ ನಾನು ಒಂದು ಶವಸಂಸ್ಕಾರವನ್ನು ಕಣ್ಣಾರೆ ಕಂಡಿರಲಿಲ್ಲ.

ನಾನು ಮಾಸ್ಟರ್ಸ್ ಓದಲು ಜರ್ಮನಿಯ ಉತ್ತರದ ಒಂದು ಸಣ್ಣ ಊರಿಗೆ ಹೋದ ಎರಡನೇ ತಿಂಗಳಲ್ಲಿ ಪಪ್ಪ ಗೋದಾಮಿನಲ್ಲೇ ಕುಸಿದು ಬಿದ್ದು ತೀರಿಕೊಂಡರು. ನನ್ನ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತ ಬಂದಿತ್ತು, ಅದನ್ನು ನವೀಕರಣಕ್ಕೆಂದು ಅಂಚೆಯಲ್ಲಿ ಕಳುಹಿಸಿ ಕೆಲವೇ ದಿನಗಳಾಗಿದ್ದವು. ಅದು ಹೋಗುವ ಅಂಚೆಯಲ್ಲಿತ್ತೋ ಬರುವ ಅಂಚೆಯಲ್ಲಿತ್ತೋ ಯಾರಿಗೂ ತಿಳಿಯಲಿಲ್ಲ. ನಾನು ಫೋನಿನಲ್ಲಿ ಅಳುತ್ತ ಏನೇನೋ ಹೇಳುತ್ತಿದ್ದೆ. ಮಮ್ಮಿ ವಾರ್ಡಿನಲ್ಲಿ ರೋಗಿಯ ಕಡೆಯವರಿಗೆ ಹೇಳುವ ಸ್ವರದಲ್ಲಿ, "ಆಯ್ತು, ನೀನು ಬರ್ಬೇಡ. ನಾವು ನೋಡಿಕೊಳ್ತೇವೆ" ಅಂದರು. ಮಮ್ಮಿಯೂ ತಂಗಿಯೂ ಪೆಟ್ಟಿಗೆಯೊಡನೆ ಊರಿಗೆ ಹೋದರು. ಮಣ್ಣಾಯಿತು. ತಂಗಿಯನ್ನು ಮಂಗಳೂರಿನ ಹಾಸ್ಟೆಲಿನಲ್ಲಿ ಬಿಟ್ಟು, ಸಲ್ವಾದ ಮನೆ ಖಾಲಿ ಮಾಡಿ, ಮಮ್ಮಿ ಜಾಬ್ರಿಯಾದಲ್ಲಿ ಇಬ್ಬರು ಮಲಯಾಳಿ ನರ್ಸುಗಳ ಜೊತೆ ಒಂದು ಕೋಣೆಯಲ್ಲಿ ಇರತೊಡಗಿದರು.

ಅವತ್ತು ಊರಿನಲ್ಲಿ ಹೇಗಾಯಿತು, ಯಾರು ಯಾರು ಬಂದರು, ನನ್ನ ಬಗ್ಗೆ ಏನು ಆಡಿಕೊಂಡರು ಎಂದು ನಾನು ಕೇಳಲಿಲ್ಲ. ಮಮ್ಮಿಯೂ ಹೇಳಲಿಲ್ಲ. ಕೇಳಲು ನನಗೆ ಹೆದರಿಕೆ. ಆರು ಜನರನ್ನು ಸೇರಿಸುತ್ತಿದ್ದ ಮನುಷ್ಯನ ಪೆಟ್ಟಿಗೆಗೆ ಮಗನ ಕೈ ಇರಲಿಲ್ಲ ಎಂಬುದು ಊಟದಲ್ಲಿ ಸಿಕ್ಕಿದ ಕಲ್ಲಿನ ಹಾಗೆ ಆ ವರ್ಷವಿಡೀ ಬಾಯಿಗೆ ಸಿಗುತ್ತಿತ್ತು. ಇಗರ್ಜಿಯ ಕಡೆಗೆ ತಲೆ ಹಾಕುವುದನ್ನೂ ಬಿಟ್ಟಿದ್ದೆ.

ಅದಾಗಿ ವರ್ಷ ತುಂಬುವ ಹೊತ್ತಿಗೆ ಕೋಪನ್‌ಹೇಗನ್ನಿಗೆ ಹೋಗುವ ಮಾತು ಬಂತು. ಇದನ್ನು ಎಬ್ಬಿಸಿದವಳು ನಮ್ಮ ಜೊತೆ ಓದುತ್ತಿದ್ದ ಪೋಲೆಂಡಿನ ಕಾಸಿಯಾ. ಶುಕ್ರವಾರ ಬೆಳಿಗ್ಗೆ ತಲುಪುವುದು, ಭಾನುವಾರ ಸಂಜೆ ಮರಳುವುದು, ಐದು ಜನ. ನನಗೆ ಮನಸ್ಸಿರಲಿಲ್ಲ. ನಜೀರ್ ಎಳೆದುಕೊಂಡು ಹೋದ. ನಜೀರ್ ಯಾರೆಂದರೆ, ಸಲ್ವಾದಲ್ಲಿ ನಮ್ಮ ಕಟ್ಟಡದ ಕೆಳಗೆ ದಿನಸಿಯ ಬಕಾಲಾ ಅಂಗಡಿ ಇಟ್ಟಿದ್ದ ಬ್ಯಾರಿ ಮುಸ್ಲಿಮ್ ಕಾಕಾನ ಮಗ, ನನ್ನ ಜೊತೆ ಬೆಳೆದವನು, ನನ್ನ ಜೊತೆಯೇ ಜರ್ಮನಿಗೆ ಬಂದವನು. ಮಮ್ಮಿಗೆ ಫೋನು ಮಾಡಿ ಹೋಗುತ್ತಿದ್ದೇನೆ ಎಂದೆ. ಮಮ್ಮಿ ಬೇಡವೆನ್ನಲಿಲ್ಲ. ಅದೇ ಶುಕ್ರವಾರ ಕುವೈತಿನಲ್ಲಿ ಪಪ್ಪನ ವರ್ಷದ ಪೂಜೆ ಇಟ್ಟಿದ್ದೇನೆ, ನೀನೂ ಆ ದಿನ ಅಲ್ಲಿ ಒಂದು ಪೂಜೆಗೆ ಹೋಗು ಅಂದರು. ಹೂಂ ಅಂದೆ.

ಬಸ್ಸನ್ನೇ ಹಡಗಿನ ಹೊಟ್ಟೆಗೆ ಓಡಿಸಿ ಸಮುದ್ರ ದಾಟಿಸುತ್ತಾರೆ. ನವೆಂಬರ್ ತಿಂಗಳು. ಇಳಿದಾಗ ಬೆಳಗಾಗಿತ್ತಂತೆ, ನನಗಂತೂ ಬೆಳಗು ಕಾಣಲಿಲ್ಲ. ಆಕಾಶ ತೊಳೆಯದ ಅಲ್ಯುಮಿನಿಯಂ ಪಾತ್ರೆಯ ಬಣ್ಣ, ಸಣ್ಣಗೆ ಮಳೆ, ಆ ಮಳೆಯಲ್ಲಿ ತಲೆ ತಗ್ಗಿಸಿ ಸೈಕಲ್ ತುಳಿಯುವ ಜನ. ಕಿಟಕಿಗಳಲ್ಲಿ ಹಗಲಲ್ಲೇ ಮೇಣದ ಬತ್ತಿ ಹಚ್ಚಿಟ್ಟಿದ್ದರು. ಪ್ರವಾಸಿಗಳು ಅದನ್ನು ಕಂಡು ಎಷ್ಟು ಚಂದ ಎನ್ನುತ್ತಾರೆ, ನನಗೆ ಪ್ರತಿ ಮನೆಯಲ್ಲೂ ಯಾರೋ ತೀರಿಕೊಂಡಂತೆ ಕಂಡಿತು. ಹಾಸ್ಟೆಲಿನಲ್ಲಿ ಚೀಲ ಬಿಸಾಡಿ ಎಲ್ಲರೂ ಕಾಲುವೆಯ ದೋಣಿಗೆ ಹೊರಟಾಗ, ನಾನು ಪೂಜೆಗೆ ಹೋಗಿ ಬರುತ್ತೇನೆ ಎಂದೆ. ಕಾಸಿಯಾ ನಿಂತು, "ಇವತ್ತು ಶುಕ್ರವಾರ. ಏನು ಹಬ್ಬ?" ಎಂದು ಕೇಳಿದಳು. ಶುಕ್ರವಾರವಾದ್ದರಿಂದಲೇ ಪೂಜೆ ಎಂದೆ. ಅವಳೂ ಕ್ಯಾಥೊಲಿಕಳೇ, ಹುಟ್ಟಿದಾಗಿನಿಂದ ಪೂಜೆ ಕೇಳಿದವಳು. ನನ್ನ ಮುಖವನ್ನೊಮ್ಮೆ ನೋಡಿ, ಭುಜ ಹಾರಿಸಿ ಹೋದಳು. ಜರ್ಮನಿಯಲ್ಲಿ ಒಂದು ವರ್ಷ ಕಳೆದಿದ್ದ ನನಗೆ ಉಳಿದ ಲೋಕಕ್ಕೆ ಶುಕ್ರವಾರ ಬರೀ ಶುಕ್ರವಾರ ಎಂಬುದು ಹೊಳೆಯಲೇ ಇಲ್ಲ. ಮಮ್ಮಿಯ ಸ್ವರದಲ್ಲಿ ಶುಕ್ರವಾರ ಎಂದು ಕೇಳಿದ ಮೇಲೆ ಒಳ್ಳೆಯ ಅಂಗಿ ಹಾಕಿದ್ದೆ, ಅಷ್ಟೆ.

ದಾರಿ ತಪ್ಪಿಸಿಕೊಳ್ಳುತ್ತೀ ಎಂದು ನಜೀರ್ ಜೊತೆಗೆ ಬಂದ. ಇಟ್ಟಿಗೆಯ ಒಂದು ಸಣ್ಣ ಕ್ಯಾಥೊಲಿಕ್ ಇಗರ್ಜಿ ಸಿಕ್ಕಿತು. ಬಾಗಿಲು ತೆರೆದಿತ್ತು, ಆರ್ಗನ್ ಕೇಳಿಸುತ್ತಿತ್ತು. ನೋಡಿದೆಯಾ ಎಂಬಂತೆ ನಾನು ನಜೀರನನ್ನು ನೋಡಿದೆ. ಅವನು ಸೈಕಲ್ ನಿಲ್ಲಿಸುವಲ್ಲಿ ಕೈ ಜೇಬಿಗೆ ಹಾಕಿ ನಿಂತ, ನಾನು ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ.

ಕಣ್ಣು ಹೊಂದಿಕೊಂಡ ಮೇಲೆ ಮುಂದುಗಡೆ ಬಿಳಿ ಬಣ್ಣದ ಪೆಟ್ಟಿಗೆ ಕಂಡಿತು. ಮೇಲೆ ಹೂವು, ಪಕ್ಕದಲ್ಲಿ ಒಬ್ಬ ಅಜ್ಜಿಯ ಫೋಟೋ. ನಮ್ಮಲ್ಲಿ ಬಿಳಿ ಪೆಟ್ಟಿಗೆ ಚಿಕ್ಕ ಮಕ್ಕಳಿಗೆ, ಆದರೆ ಇದು ಪೂರ್ತಿ ಉದ್ದವಿತ್ತು. ಇಡೀ ಇಗರ್ಜಿಯಲ್ಲಿದ್ದವರು ಇಬ್ಬರು ಮುದುಕರು, ಕೋಲು ಹಿಡಿದ ಒಬ್ಬ ಹೆಂಗಸು, ಶವಸಂಸ್ಕಾರದ ಕಂಪನಿಯ ಕಪ್ಪು ಕೋಟಿನ ಇಬ್ಬರು ಕೆಲಸದವರು, ಮತ್ತೆ ನಾನು. ಎದ್ದು ಹೋಗಬೇಕಿತ್ತು. ಆದರೆ ಹೆಂಗಸು ತಿರುಗಿ ನನ್ನನ್ನು ನೋಡಿ, ಬಂದಿರಲ್ಲ ಎನ್ನುವ ಹಾಗೆ ತಲೆಯಾಡಿಸಿದಳು. ಹಾಗೆ ತಲೆಯಾಡಿಸಿದ ಮೇಲೆ ಎದ್ದು ಹೋಗುವುದು ಹೇಗೆ. ಭಾಷೆ ಒಂದಕ್ಷರ ತಿಳಿಯದಿದ್ದರೂ ಪೂಜೆಯ ಏಳುವುದು ಕೂರುವುದು ಮೈಗೆ ಗೊತ್ತಿತ್ತು. ಪಾದ್ರಿ ಧೂಪ ಹಾಕಿ ಪೆಟ್ಟಿಗೆಯ ಸುತ್ತ ನಡೆದಾಗ ನನ್ನ ಪಪ್ಪನ ಹೆಸರನ್ನು ನಾನು ಮನಸ್ಸಿನಲ್ಲಿ ಹೇಳಿಕೊಂಡೆ. ಆ ಅಜ್ಜಿಯ ಪೂಜೆಯಲ್ಲಿ ಸ್ವಲ್ಪ ಕದ್ದ ಹಾಗೆ ಆಯಿತು, ಆದರೂ ಹೇಳಿಕೊಂಡೆ.

ಕಡೆಗೆ ಪೆಟ್ಟಿಗೆಯನ್ನು ಎತ್ತಬೇಕಾಯಿತು. ಇಬ್ಬರು ಮುದುಕರು, ಇಬ್ಬರು ಕೆಲಸದವರು ಬದಿಯಲ್ಲಿ ನಿಂತರು. ಪೆಟ್ಟಿಗೆಗೆ ಆರು ಹಿಡಿಕೆ. ಕೆಲಸದವರಲ್ಲಿ ಹಿರಿಯವನು ಮೂಲೆಯಲ್ಲಿದ್ದ ಚಕ್ರದ ಗಾಡಿಯ ಕಡೆಗೆ ನೋಡಿದ. ಆ ಗಾಡಿಯನ್ನು ನೋಡಿದ್ದೇ ನಾನು ಬೆಂಚಿನಿಂದ ಎದ್ದೆ. ಯೋಚನೆ ಮಾಡಿ ಎದ್ದದ್ದಲ್ಲ. ಹೊರಗೆ ಓಡಿ, ನಾನು ಸೇರಿದರೂ ಒಬ್ಬ ಕಡಿಮೆ, ಪೆಟ್ಟಿಗೆ ಹಿಡಿಯಬೇಕು, ಆದರೆ ಇದು ನಮ್ಮ ಇಗರ್ಜಿ, ನಿನಗೆ ಆಗುತ್ತದೋ ಇಲ್ಲವೋ ಎಂದು ನಜೀರನ ಹತ್ತಿರ ತಡವರಿಸಿದೆ. ಅವನು ಆಗಲೇ ಮೆಟ್ಟಿಲು ಹತ್ತುತ್ತಿದ್ದ. "ಮಯ್ಯತ್ತಿಗೆ ಹೆಗಲು ಕೊಡುವಾಗ ಜಾತಿ ಕೇಳುದುಂಟಾ ಮಾರಾಯ" ಅಂದ.

ಹೆಗಲು ಎಂದದ್ದನ್ನು ಅವನು ನಿಜಕ್ಕೂ ಹೆಗಲೆಂದೇ ತಿಳಿದಿದ್ದ. ಒಳಗೆ ಬಂದವನು ಮೊಣಕಾಲು ಮಡಿಸಿ ಪೆಟ್ಟಿಗೆಯ ಅಡಿಗೆ ಭುಜ ಕೊಡಲು ಬಗ್ಗಿದ. ಆ ಊರಿನಲ್ಲಿ ಹಿಡಿಕೆ ಹಿಡಿದು ಸೊಂಟದ ಮಟ್ಟದಲ್ಲಿ ಒಯ್ಯುತ್ತಾರೆ. ಹಿರಿಯ ಕೆಲಸದವನು ಅವನ ತೋಳು ಮುಟ್ಟಿ ಮೆಲ್ಲಗೆ ಎಬ್ಬಿಸಿದ. ಆಮೇಲೆ ನಮ್ಮಿಬ್ಬರ ಬರಿಗೈ ನೋಡಿ, ತನ್ನ ಕೋಟಿನ ಜೇಬಿನಿಂದ ಎರಡು ಜೊತೆ ಕಪ್ಪು ಗ್ಲೌಸ್ ತೆಗೆದು ಕೊಟ್ಟ. ನನಗೆ ಸಿಕ್ಕಿದ್ದು ಎದುರಿನ ಎಡಗಡೆಯ ಹಿಡಿಕೆ. ಅಜ್ಜಿ ಹಗುರವಿದ್ದರು. ಮಳೆಗೆ ಮೆಟ್ಟಿಲು ಜಾರುತ್ತಿತ್ತು, ಮುದುಕರೊಬ್ಬರ ಉಸಿರು ನನ್ನ ಕಿವಿಯ ಹಿಂದೆಯೇ ಕೇಳುತ್ತಿತ್ತು. ಹೊರಗೆ ನಿಂತಿದ್ದ ಶವದ ಕಾರಿನವರೆಗೆ ನಡೆದದ್ದು ಸ್ವಲ್ಪವೇ ದೂರ. ಪೆಟ್ಟಿಗೆ ಒಳಗೆ ಸರಿದು ಹಿಡಿಕೆ ಕೈಬಿಟ್ಟಾಗ ನನಗೆ ಅಳು ಬಂತು. ಅಪರಿಚಿತ ಅಜ್ಜಿಗಾಗಿ ಇಷ್ಟು ಅಳುವ ಹುಡುಗನನ್ನು ನೋಡಿ ಮುದುಕರಿಬ್ಬರೂ ಮುಖ ಬೇರೆ ಕಡೆ ತಿರುಗಿಸಿದರು. ಅಲ್ಲಿ ದಹನಕ್ಕೆ ಪೆಟ್ಟಿಗೆ ಮಾತ್ರ ಹೋಗುತ್ತದಂತೆ, ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಎಲ್ಲರೂ ಮಳೆಯಲ್ಲೇ ನಿಂತಿದ್ದೆವು.

ಕೋಲಿನ ಹೆಂಗಸು ತೀರಿಕೊಂಡವರ ಸೋದರ ಸೊಸೆ. ನಮ್ಮನ್ನು ಬಿಡಲಿಲ್ಲ, ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಕಾಫಿ, ಕೇಕು ಕೊಟ್ಟಳು. ಅತ್ತೆಯ ಪರಿಚಯ ನಿಮಗೆ ಹೇಗೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಜೀರ್ ಮೇಜಿನ ಅಡಿಯಿಂದ ನನ್ನ ಕಾಲು ತುಳಿದ, ಏನಾದರೂ ಹೇಳಿ ಪಾರಾಗು ಎಂದು. ನಾನು ಅವರ ಪರಿಚಯವಿಲ್ಲ, ನನ್ನ ತಂದೆಯ ಪೂಜೆಗೆಂದು ಬಂದೆ, ದಿನ ತಪ್ಪಿತು ಎಂದೆ. ಅವಳು ಕೋಪಿಸಿಕೊಳ್ಳಲಿಲ್ಲ. ಕಪ್ಪು ಕೆಳಗಿಟ್ಟು, "ನಿಮ್ಮ ತಂದೆಯ ಹೆಸರೇನು?" ಎಂದಳು. ಗ್ರೆಗರಿ ಎಂದೆ. ಅವಳು ಅದನ್ನು ತನ್ನ ಬಾಯಿಗೆ ಹೊಂದುವ ಹಾಗೆ ಒಮ್ಮೆ ಹೇಳಿ ನೋಡಿದಳು. ಪಪ್ಪ ಹೋಗಿ ಒಂದು ವರ್ಷವಾಗಿತ್ತು, ಅಲ್ಲಿಯವರೆಗೆ ಯಾರೂ ನನ್ನನ್ನು ಆ ಹೆಸರು ಕೇಳಿರಲಿಲ್ಲ.

ಮಧ್ಯಾಹ್ನ ಕಳೆದದ್ದೇ ಕತ್ತಲಾಯಿತು. ಉಳಿದವರು ದೋಣಿಯ ಫೋಟೋಗಳನ್ನು ನೋಡಿ ನಗುತ್ತಿದ್ದರು. ನಾನು ಕಾರ್ಡು ಹಾಕಿ ಹಾಸ್ಟೆಲಿನ ಫೋನಿನಿಂದ ಜಾಬ್ರಿಯಾಕ್ಕೆ ಫೋನು ಮಾಡಿದೆ. ಕಾರ್ಡಿಗೆ ಜೇಬು ತಡಕಿದಾಗಲೇ ಗ್ಲೌಸ್ ನನ್ನ ಬಳಿಯೇ ಉಳಿದದ್ದು ಕಂಡಿದ್ದು. ಮಮ್ಮಿ ಪಿಸುಮಾತಿನಲ್ಲಿ ಮಾತಾಡಿದರು, ರಾತ್ರಿ ಡ್ಯೂಟಿಯ ನರ್ಸ್ ಪಕ್ಕದ ಮಂಚದಲ್ಲಿ ಮಲಗಿದ್ದಳು. ಪೂಜೆಗೆ ಜನ ಚೆನ್ನಾಗಿ ಬಂದಿದ್ದರು, ಅಂಗಳದಲ್ಲಿ ಎಲ್ಲರೂ ಪಪ್ಪನನ್ನು ನೆನೆದರು ಎಂದರು. ನೀನು ಹೋದೆಯಾ ಎಂದು ಕೇಳಿದರು. ಹೋದೆ ಎಂದು ಸುಮ್ಮನಾಗಬೇಕೆಂದಿದ್ದೆ, ಆದರೆ ಬಿಳಿ ಪೆಟ್ಟಿಗೆ, ಮುದುಕರು, ನಜೀರನ ಹೆಗಲು, ಎಲ್ಲವೂ ಬಾಯಿಂದ ಬಂತು.

ಕಾರ್ಡು ಮುಗಿಯಿತೋ ಎಂದುಕೊಂಡೆ.

"ಭಾರ ಇತ್ತಾ?" ಎಂದರು ಮಮ್ಮಿ.

ಇಲ್ಲ, ಸಣ್ಣ ಅಜ್ಜಿ, ಹಗುರ ಎಂದೆ.

"ಪಪ್ಪಂದು ಭಾರ ಇತ್ತು." ಆಮೇಲೆ ನಾನು ಒಂದು ವರ್ಷದಿಂದ ಕೇಳದೆ ಬಿಟ್ಟದ್ದನ್ನು ತಾವಾಗಿಯೇ ಹೇಳಿದರು. ಮನೆಯಿಂದ ಇಗರ್ಜಿಗೆ ಹೊರಡುವಾಗ ಐದು ಜನ ನಿಂತಿದ್ದರಂತೆ. ಎದುರಿನ ಎಡಗಡೆ ಖಾಲಿ. ಮಗನ ಜಾಗ ಎಂದು ಯಾರೂ ಹೋಗಲಿಲ್ಲ. ಕೊನೆಗೆ ಮಾವ ಮುಂದೆ ಬಂದಾಗ ಮಮ್ಮಿ ಬೇಡ ಎಂದರಂತೆ.

"ಮತ್ತೆ ಯಾರು ಹಿಡಿದದ್ದು?" ಎಂದೆ.

"ಯಾರು ಅಂದ್ರೆ? ನಾನೇ. ಹೆಂಗಸರು ಹಿಡಿಲಿಕ್ಕಿಲ್ಲ ಅಂತ ಒಬ್ಬರು ಹೇಳಿದ್ರು. ನಾನು ನರ್ಸಲ್ವಾ, ಎತ್ತಿ ಅಭ್ಯಾಸ ಉಂಟು ಅಂದೆ. ನೀನು ಬರುವವರೆಗೆ ಹಿಡ್ಕೊಂಡದ್ದು, ಅಷ್ಟೇ."

ಪಕ್ಕದ ಮಂಚದವಳು ಮಗ್ಗುಲಾದಳೇನೋ, ಮಮ್ಮಿಯ ಸ್ವರ ಇನ್ನೂ ಸಣ್ಣದಾಯಿತು.

"ನನ್ನದ್ದಕ್ಕೆ ನೀನು ಬಾ. ನಂದು ಭಾರ ಇಲ್ಲ."

ಭಾನುವಾರ ಸಂಜೆ ಹೊರಡುವ ಮೊದಲು ಗ್ಲೌಸ್ ಮರಳಿಸೋಣವೆಂದು ಇಗರ್ಜಿಗೆ ಹೋದೆವು. ಭಾನುವಾರವಾದ್ದರಿಂದ ತುಂಬ ಜನ, ಆದರೆ ಆ ಕಪ್ಪು ಕೋಟಿನವನು ಇರಲಿಲ್ಲ. ನಜೀರ್ ತನ್ನದನ್ನು ಹಿಂದಿನ ಬೆಂಚಿನ ಮೇಲೆ ಇಟ್ಟು ಬಂದ. ನನಗೆ ಇಡಲು ಮನಸ್ಸಾಗಲಿಲ್ಲ.

ಮಮ್ಮಿ ಈಗ ನಿವೃತ್ತರಾಗಿ ಮಂಗಳೂರಿನಲ್ಲಿ ತಂಗಿಯ ಜೊತೆ ಇದ್ದಾರೆ. ಫೋನಿನಲ್ಲಿ ಮೊಮ್ಮಗಳನ್ನು ಕನ್ನಡದಲ್ಲಿ ಗದರುತ್ತಾರೆ, ಅವಳು ಇಂಗ್ಲಿಷಿನಲ್ಲಿ ಎದುರುತ್ತರ ಕೊಡುತ್ತಾಳೆ. ಹಿಂದಿನ ರಜೆಯಲ್ಲಿ ಹೋದಾಗ ಅವರು ಇನ್ನಷ್ಟು ಸೊರಗಿದ್ದರು. ಮೆಟ್ಟಿಲು ಇಳಿಸಲು ಕೈ ಹಿಡಿದಾಗ ನನ್ನ ಅಂಗೈಗೆ ಅದು ತಿಳಿಯಿತು.

ಮಗಳಿಗೆ ಗ್ಲೌಸ್ ಸಾಕಾಯಿತು. ಕಳಚಿ ನೆಲಕ್ಕೆ ಎಸೆಯಲು ಹೊರಟವಳ ಕೈಯಿಂದ ತೆಗೆದುಕೊಂಡು ಬೆರಳು ಬೆರಳನ್ನೂ ಸರಿ ಮಾಡಿದೆ. ಇಕಾಮಾಕ್ಕೆ ಕೊಡಬೇಕಾದ ಪಾಸ್‌ಪೋರ್ಟುಗಳಲ್ಲಿ ನನ್ನದನ್ನು ತೆರೆದು ಅವಧಿ ನೋಡಿದೆ. ಇನ್ನೂ ಇದೆ. ನಾಳೆ ಸರ್ಕಾರಿ ಕಾಗದಪತ್ರಕ್ಕೆ ಓಡಾಡುವ ಆಫೀಸಿನ ಮಂದೂಬ್ ಅದನ್ನು ತೆಗೆದುಕೊಂಡು ಹೋಗುತ್ತಾನೆ, ಎರಡೇ ದಿನದ ಕೆಲಸ ಎಂದಿದ್ದಾನೆ. ಅದು ಮರಳಿ ಬರುವವರೆಗೆ ನಾನು ಮಂಗಳೂರಿಗೆ ಬೆಳಿಗ್ಗೆಯೂ ಸಂಜೆಯೂ ಫೋನು ಮಾಡುತ್ತೇನೆ. ಮಮ್ಮಿ ಪ್ರತಿ ಸಲವೂ, "ಎಂತ ಇಷ್ಟು ಫೋನು, ಪಾಸ್‌ಪೋರ್ಟು ಕೊಟ್ಟಿದ್ದೀಯಾ?" ಎಂದು ಕೇಳುತ್ತಾರೆ.